ಸ್ಟೇಟಸ್ ನೋಡಿದವರು ಯಾರೂ ಬರಲಿಲ್ಲ

ಬಾಡಿಗೆ ಕುರ್ಚಿಗಳೆಲ್ಲ ಖಾಲಿ. ತಟ್ಟೆ ತುಂಬ ಪೇಡೆ, ತಿನ್ನುವವರಿಲ್ಲ. ಗಜೇಂದ್ರಗಡದಲ್ಲಿ ನನ್ನ ತಂಗಿ ಶಾರದಾಳ ಸೀರೆ ಅಂಗಡಿ ಓಪನಿಂಗ್ ಆಗಿದ್ದು ಹೀಗೆ.

ಪ್ರಚಾರ ಕಡಿಮೆಯಾಗಿತ್ತೇ? ಇಲ್ಲ ಸ್ವಾಮಿ. ಇಳಕಲ್ ಸೀರೆ ಗಾಳಿಯಲ್ಲಿ ಹಾರಾಡುವ ರೀಲ್ ಮಾಡಿಸಿ ಸ್ಟೇಟಸ್‌ಗೆ ಹಾಕಿದ್ದಳು. ರೋಣ, ನರಗುಂದದವರೆಲ್ಲ ನೋಡಿದರು. ದುಬೈನಿಂದಲೂ ಹಾರ್ಟ್ ಬಂತು. (ದುಬೈನವರು ಸೀರೆ ಕೊಳ್ಳಲು ಗಜೇಂದ್ರಗಡಕ್ಕೆ ಬರುತ್ತಾರೆಯೇ? ಕೇಳಬೇಡಿ, ನನಗೆ ಸುಸ್ತಾಗಿದೆ.)

"ಮನಿಮನಿ ತಿರಗೂದು ಹಳೇ ಕಾಲ ಅಣ್ಣಾ. ಇದು ಫ್ರೀ. ಒಂದ ಸಲ ಹಾಕಿದ್ರ ಎಲ್ಲಾರಿಗೂ ಮುಟ್ಟತೈತಿ" ಎಂದಿದ್ದಳು.

ಮುಟ್ಟಿತು. ಯಾರೂ ಬರಲಿಲ್ಲ.

ಅವಳ ಗಂಡ ಮೊದಲೇ ಹೇಳಿಬಿಟ್ಟಿದ್ದರು: "ದೀಪಾವಳಿ ತನಕ ನೋಡೂಣು. ನಡೀಲಿಲ್ಲಂದ್ರ ಬಾಗಲಾ ಹಾಕೂದ." ಶಾರದಾ ಫೋನನ್ನೇ ನೋಡುತ್ತ ಕುಳಿತಿದ್ದಳು. ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಅಳಲಿಲ್ಲ. ನನಗೇ ಸಂಕಟವಾಯಿತು.

ಸಂಜೆ ಜಕ್ಕಲಿಯ ನಮ್ಮ ಕಾಕಾಗೆ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಿದೆ.

"ವಿಡಿಯೋ ನೋಡೀನಿ, ಭಾಳ ಚಲೋ ಐತಿ. ಲೈಕೂ ಒತ್ತೀನಿ. ಆದ್ರ ನಮ್ಮನ್ನ ಕರದವರ ಯಾರು?"

ತಗೊಳ್ಳಿ! ನಮ್ಮ ಕಡೆ ಮನೆಗೆ ಬಂದು, ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ 'ಬರ್ರಿ' ಅನ್ನದ ಹೊರತು ಕರೆದಂತಲ್ಲ. ಸ್ಟೇಟಸ್ಸು ಡಂಗುರವಿದ್ದಂತೆ. ಡಂಗುರ ಕೇಳಿ ಯಾರಾದರೂ ಊಟಕ್ಕೆ ಹೋಗುತ್ತಾರೆಯೇ? ನೋಡಿದವರೆಲ್ಲ ಗಿರಾಕಿಗಳು ಅಂದುಕೊಂಡಿದ್ದೆವು. ಇಲ್ಲಿ ನೋಡಿದವರೆಲ್ಲ ಮುನಿಸಿಕೊಂಡು ಕುಳಿತಿದ್ದರು.

ಮುಂದಿನ ವಾರವಿಡೀ ಅಣ್ಣ-ತಂಗಿ ಕುಂಕುಮದ ಬಟ್ಟಲು ಹಿಡಿದು ತಿರುಗಿದೆವು. ಹೋದಲ್ಲೆಲ್ಲ ಚಹಾ. ಹೋದಲ್ಲೆಲ್ಲ "ರೀಲ್ ಭಾಳ ಚಲೋ ಇತ್ತವಾ" ಎಂಬ ಮಾತು. (ನನ್ನ ಮೊಣಕಾಲು ಇನ್ನೂ ನೋಯುತ್ತಿದೆ. ಇದು ಫ್ರೀ ಪ್ರಚಾರದ ಫಲ.)

ಆದರೆ ಜನ ಬಂದರು. ಕಾಕಾ ಸೊಸೆಯಂದಿರನ್ನೆಲ್ಲ ಕರೆದುಕೊಂಡು ಬಂದು, ಗತ್ತಿನಿಂದ ಕುಳಿತು ಸೀರೆ ತೆಗೆಸಿದರು. ಶಾರದಾ ಆಗ ಅತ್ತಳು. ಬಾಗಿಲು ಹಾಕುವ ಮಾತನ್ನು ಅವಳ ಗಂಡ ಮತ್ತೆ ಎತ್ತಿಲ್ಲ.

ಮೊನ್ನೆ ದೀಪಾವಳಿ ಆಫರ್ ಬಂತು. ಎಲ್ಲಿ? ಶಾರದಾಳ ಸ್ಟೇಟಸ್‌ನಲ್ಲಿ! ನನ್ನ ಹೆಂಡತಿ ಫೋನ್ ತೋರಿಸಿ, "ಹೋಗೂಣೇನ್ರಿ?" ಎಂದಳು.

ನಾನು ಲೈಕ್ ಒತ್ತಿ, ಫೋನ್ ವಾಪಸ್ ಕೊಟ್ಟು ಕೇಳಿದೆ:

"ಆಕಿ ನಮ್ಮನ್ನ ಕರದಾಳೇನ?"