ಗಿಳಿಗೆ ಇನ್ನೊಂದು ಹೆಸರು

ಕೋಲಾರದ ಹಲ್ಲಿನ ಡಾಕ್ಟರು ಹತ್ತಿಗೆ ಲವಂಗದೆಣ್ಣೆ ಅದ್ದಿ ನನ್ನ ದವಡೆಗೆ ಒತ್ತಿದರು. ಆ ಘಾಟು ಮೂಗಿಗೆ ಏರಿದ್ದೇ ತಡ, ಪುಡಿ ಶೆಟ್ಟರು ನೆನಪಾದರು. ಅವರನ್ನು ನೆನೆದು ಎಷ್ಟು ವರ್ಷವಾಗಿತ್ತೋ...

ಮೂವತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದೆ. ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೇ ಅವರ ಅಂಗಡಿ. ಸುಟ್ಟ ಬಾದಾಮಿ ಸಿಪ್ಪೆ, ಉಪ್ಪು, ಲವಂಗ ಕುಟ್ಟಿ ಹಲ್ಲುಪುಡಿ ಮಾಡುತ್ತಿದ್ದರು. ಪೊಟ್ಟಣದ ಮೇಲೆ ಒಂದು ಹಸಿರು ಗಿಳಿ, ಅಷ್ಟೇ. ಒಂದಕ್ಷರವೂ ಇಲ್ಲ. ಯಾಕೆಂದು ಕೇಳಿದ್ದಕ್ಕೆ, ಕನ್ನಡದಲ್ಲಿ ಬರೆಸಿದರೆ ತೆಲುಗಿನವರು ಮುನಿಸಿಕೊಳ್ಳುತ್ತಾರೆ, ತೆಲುಗಿನಲ್ಲಿ ಬರೆಸಿದರೆ ನೀವು ಮುನಿಸಿಕೊಳ್ಳುತ್ತೀರಿ ಎಂದು ನಕ್ಕಿದ್ದರು. ತೆಲುಗಿನಲ್ಲಿ ಗಿಳಿಗೆ ಚಿಲಕ ಎನ್ನುತ್ತಾರೆ. ನಮ್ಮ ಊರಿನಿಂದ ತೆಲುಗು ಸೀಮೆಯ ಅಂಚಿನ ನಂಗಲಿಯ ಆಚೆಯವರೆಗೂ ಎಲ್ಲರ ಬಾಯಲ್ಲಿ ಅದು ಚಿಲಕ ಪುಡಿಯೇ.

ಬೆಂಗಳೂರಿನ ಒಂದು ಕಂಪನಿಯವರಿಗೆ ಇದು ಹೇಗೋ ಗೊತ್ತಾಯಿತು. ಅವರ ಏಜೆಂಟರು ಬಂದು, ಮಾರ್ಕನ್ನು ನಮಗೆ ಕೊಡಿ, ಡಬ್ಬಿಯಲ್ಲಿ ತುಂಬಿ ಮದರಾಸಿನವರೆಗೆ ಕಳಿಸುತ್ತೇವೆ, ಪುಡಿ ನೀವು ಹೇಳಿದ ಹಾಗೇ ಮಾಡುತ್ತೇವೆ ಎಂದರು. ಶೆಟ್ಟರು ಹಿಗ್ಗಿಹೋದರು. ಮಕ್ಕಳಿಲ್ಲದ ಮನುಷ್ಯ. ತನ್ನ ಕೈಯ ಪುಡಿ ತನ್ನ ನಂತರವೂ ಉಳಿಯುತ್ತದೆ ಎನ್ನುವುದೇ ಅವರಿಗೆ ದೊಡ್ಡದಾಗಿತ್ತು.

ಅಷ್ಟರಲ್ಲಿ ಎದುರು ಅಂಗಡಿಯವನು ಹೊಸ ಪೊಟ್ಟಣ ತಂದಿಟ್ಟ. ಅದರ ಮೇಲೆ ಬಾಗಿಲಿನ ಚಿಲಕದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಚಿಲಕ ಹಲ್ಲುಪುಡಿ’. ಒಳಗಿದ್ದದ್ದು ಬರೀ ಇದ್ದಿಲು. ಚಿಲಕ ಕೊಡಿ ಎಂದು ಬಂದವರಿಗೆಲ್ಲ ಅದನ್ನೇ ಕೊಟ್ಟ. ಹೆಸರಿನ ತಕರಾರು ಬಗೆಹರಿಯುವವರೆಗೆ ಕೈ ಹಾಕುವುದಿಲ್ಲ ಎಂದು ಕಂಪನಿ ಹಿಂದೆ ಸರಿಯಿತು. ಶೆಟ್ಟರು ಕೋಲಾರದ ಕೋರ್ಟಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ.

ಮುನಸೀಫರು ಎರಡೂ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಘಟ್ಟದ ಕಡೆಯವರು, ತೆಲುಗು ಬಾರದು.

“ನಿಮ್ಮ ಪೊಟ್ಟಣದ ಮೇಲೆ ಚಿಲಕ ಅಂತ ಎಲ್ಲಾದರೂ ಬರೆಸಿದ್ದೀರಾ?”

“ಇಲ್ಲ ಸ್ವಾಮಿ. ಗಿಳಿ ಬಿಡಿಸಿದ ಮೇಲೆ ಬರ್ಸೋದೇನು?”

ತೀರ್ಪು ಸರಳವಾಗಿತ್ತು. ಗಿಳಿಯ ಚಿತ್ರ ಶೆಟ್ಟರದು, ಅದನ್ನು ಯಾರೂ ಮುಟ್ಟುವಂತಿಲ್ಲ. ಚಿಲಕ ಎಂಬ ಮಾತನ್ನು ಅಚ್ಚು ಹಾಕಿಸಿದವನು ಎದುರು ಅಂಗಡಿಯವನು, ಅದು ಅವನದು. ಸ್ವಲ್ಪ ದಿನಕ್ಕೆ ಕಂಪನಿ ಅವನಿಂದಲೇ ಚಿಲಕವನ್ನು ಕೊಂಡುಕೊಂಡು, ಡಬ್ಬಿಗಳನ್ನು ಅವನ ಅಂಗಡಿಯಲ್ಲೇ ಮಾರಲು ಇಟ್ಟಿತು. ಜನ ಕೇಳುತ್ತಿದ್ದದ್ದು ಆ ಮಾತನ್ನು ತಾನೇ. ವ್ಯಾಪಾರದ ಲೆಕ್ಕದಲ್ಲಿ ಅವರದು ತಪ್ಪೆಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಒಂದು ಸಂತೆಯ ದಿನ ನಂಗಲಿಯ ಮುದುಕಿಯೊಬ್ಬಳು ಬಂದಳು. ಹಳೆಯ ಗಿರಾಕಿ. “ಚಿಲಕ ಪೊಡಿ ಇಯ್ಯಿ ನಾಯನಾ” ಎಂದು ಸೆರಗಿನ ಗಂಟು ಬಿಚ್ಚತೊಡಗಿದಳು. ಶೆಟ್ಟರ ಕೈ ಪೊಟ್ಟಣದ ಕಡೆಗೆ ಹೋಗಿ ನಿಂತಿತು.

“ಅದು ನಮ್ಮತ್ರ ಇಲ್ಲಮ್ಮ. ಎದುರು ಅಂಗಡೀಲಿ ಕೇಳು.”

ಅವಳು ಗಿಳಿಯನ್ನೂ ಅವರ ಮುಖವನ್ನೂ ನೋಡಿ, ಏನೂ ಅರ್ಥವಾಗದೆ ರಸ್ತೆ ದಾಟಿದಳು. ಗಿಳಿ ಪುಡಿ ಮಾರಬೇಡಿ ಎಂದು ಕೋರ್ಟು ಹೇಳಿಲ್ಲವಲ್ಲ, ಕೊಡಬಹುದಿತ್ತು ಎಂದೆ.

“ಹೆಸರು ಅವರ್ದು ಅಂತ ತೀರ್ಪಾಗೈತೆ ಮೇಷ್ಟ್ರೇ. ಅವಳು ಅವರ್ದನ್ನ ಕೇಳಿದ್ರೆ ನಂದು ಕೊಟ್ಟು ಕಳಿಸ್ಲಾ? ಅವನು ಮಾಡಿದ್ದೂ ಅದೇ ಅಲ್ವಾ?”

ಆಮೇಲೆ ನನಗೆ ಮಾಲೂರಿಗೆ ವರ್ಗವಾಯಿತು. ಅವರು ತೀರಿಕೊಂಡದ್ದು ಕೂಡ ಯಾರೋ ಬಸ್ಸಿನಲ್ಲಿ ಹೇಳಿ ತಿಳಿಯಿತು...

ಕಂಪನಿಯ ಡಬ್ಬಿಗಳೂ ಈಗ ಕಾಣುವುದಿಲ್ಲ. ಹತ್ತಿ ತೆಗೆಯುತ್ತಾ ಡಾಕ್ಟರು, ಈ ವಯಸ್ಸಿಗೂ ಉಳಿದ ಹಲ್ಲುಗಳು ಗಟ್ಟಿಯಾಗಿವೆ, ಪ್ರಾಯದಲ್ಲಿ ಯಾವ ಪುಡಿ ಹಾಕುತ್ತಿದ್ದಿರಿ ಎಂದು ಕೇಳಿದರು. ಚಿಲಕ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಶೆಟ್ಟರು ಒಪ್ಪುತ್ತಿರಲಿಲ್ಲ.