ಕಾಕಾ ಎತ್ತಿದ ಎಡಗೈ

ನಾನು ನಿಂತಿದ್ದ ಜಾಗವನ್ನು ಮೊದಲೇ ಹೇಳಿಬಿಡುತ್ತೇನೆ. ತಗಡಿನ ಶೆಡ್ಡು, ಹಿಂಬಾಗಿಲಿನಿಂದ ಎರಡನೆಯ ಕಂಬ, ಕೈಯಲ್ಲಿ ಚಹಾದ ದೊಡ್ಡ ಕೆಟಲಿ. ಸಮಯ ಮಧ್ಯಾಹ್ನ ಮೂರರ ಸುಮಾರು. ಕೊಲ್ಲಿ ಯುದ್ಧ ಶುರುವಾಗುವ ಮುಂಚಿನ ಚಳಿಗಾಲ. ಸೌದಿಯ ಮರಳಿನಲ್ಲಿ ಪರದೇಶಿ ಸೈನಿಕರ ಶಿಬಿರ, ಅದರ ಅಡುಗೆಮನೆಯಲ್ಲಿ ನಾವು ಕೂಲಿಗಳು.

ಇದು ನೆನಪಾದದ್ದು ಕಳೆದ ವಾರ, ನಿಪ್ಪಾಣಿಯಲ್ಲಿ. ಹಳೆಯ ಭಾಂಡೆ-ಪಾತ್ರೆ ಅಂಗಡಿಯ ಮುಂದೆ ಒಬ್ಬಾಕೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ತಂಬಿಗೆ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಟೆಂಪೋದವನು ಬೈದ. ನನಗೆ ಕೇಳಿಸಿದ್ದು ಬೇರೆಯೇ...

ಆ ವಾಸನೆ ಕಾಕಾ ಅವರದು. ಸಂಬಂಧದಲ್ಲಿ ಕಾಕಾ ಅಲ್ಲ. ಸದಲಗಾದಲ್ಲಿ ನಮ್ಮ ಓಣಿಯವರು, ಬ್ಯಾಂಡಿನ ಮಾಸ್ತರ. ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ. ಜೈನರ ಮದುವೆಯಿರಲಿ, ಲಿಂಗಾಯತರದಿರಲಿ, ಟ್ರಂಪೆಟ್ ಹಿಡಿದು ವರಾತದ ಮೆರವಣಿಗೆಯ ಮುಂದೆ ನಡೆಯುತ್ತಿದ್ದರು. ಮೆರವಣಿಗೆ ಮಸೀದಿಯ ಹತ್ತಿರ ಬಂತೆಂದರೆ ಅವರ ಎಡಗೈ ಮೇಲೇಳುತ್ತಿತ್ತು. ಇಡೀ ಬ್ಯಾಂಡು ಅರ್ಧ ಹಾಡಿನಲ್ಲೇ ಸುಮ್ಮನಾಗುತ್ತಿತ್ತು. ಬರೀ ಕಾಲಿನ ಸಪ್ಪಳ. ಮಸೀದಿ ದಾಟಿದ ಮೇಲೆ ಕೈ ಇಳಿಯುತ್ತಿತ್ತು, ಬಿಟ್ಟ ಜಾಗದಿಂದಲೇ ಹಾಡು ಏಳುತ್ತಿತ್ತು. ನಡುವಿನ ತಾಳವನ್ನು ಕಾಕಾ ತಮ್ಮ ಹೆಜ್ಜೆಯಲ್ಲೇ ಎಣಿಸಿಕೊಂಡು ಬರುತ್ತಿದ್ದರು.

ಆಮೇಲೆ ಅವರ ಮುಂದಿನ ಹಲ್ಲುಗಳು ಅಳ್ಳಾಡತೊಡಗಿದವು. ಟ್ರಂಪೆಟ್ ಊದುವವನ ತುಟಿಗೆ ಹಲ್ಲೇ ಆಸರೆ. ಬ್ಯಾಂಡಿನವರು ಬೇರೆ ಹುಡುಗನನ್ನು ಮುಂದೆ ಹಾಕಿ, ಕಾಕಾಗೆ ತಾಳ ಬಾರಿಸಲು ಹೇಳಿದರು. ಅವರು ಬ್ಯಾಂಡು ಬಿಟ್ಟು, ಕೂಲಿಗೆ ಹೊರಟಿದ್ದ ನಮ್ಮ ಜೊತೆ ವಿಮಾನ ಹತ್ತಿದರು. ವಾದ್ಯ ಊರಲ್ಲೇ ಉಳಿಯಿತು. ತುಟಿಗೆ ಹಚ್ಚುವ ಅದರ ಹಿತ್ತಾಳೆ ಮೂತಿಯನ್ನು ಮಾತ್ರ ಶೇಂಗಾ ಚಟ್ನಿಯ ಡಬ್ಬಿಯಲ್ಲಿ ಹೂತು ತಂದಿದ್ದರು.

ಪ್ರತಿ ಶುಕ್ರವಾರ ಅಡುಗೆಮನೆಯ ಹುಣಸೆಹಣ್ಣಿನಿಂದ ಅದನ್ನು ತಿಕ್ಕುವರು. ಪಾತ್ರೆ ತೊಳೆಯುವಾಗ ನೀರಿನ ಸದ್ದಿನಲ್ಲಿ ಮೆಲ್ಲಗೆ ಊದುವರು. ಬರೀ ಮೂತಿಯಿಂದ ಹಾಡು ಬರುವುದಿಲ್ಲ, ಗುಂಯ್ ಎನ್ನುತ್ತದೆ.

"ಕಾಕಾ, ಬಾಯಾಗ ನೊಣ ಹೊಕ್ಕೈತೇನ್ರಿ?" ಎಂದು ನಮ್ಮ ಜೊತೆಗಿದ್ದ ಉಗಾರ ಬುದ್ರುಕದ ಭರಮು ಕಾಡಿಸುತ್ತಿದ್ದ.

"ಹೌದಲೇ, ನಿನ್ನ ಮದುವಿಗೆ ಅದನ್ನ ಕಳಸ್ತೀನಿ. ಪುಗಸಟ್ಟೆ ಬಾರಸ್ತೈತಿ."

ನಮ್ಮ ಮೇಲ್ವಿಚಾರಕ ಹೈದರಾಬಾದಿನ ಕಡೆಯವನು. ಎಲ್ಲರ ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿ. "ಬಾಜಾ-ಗೀಜಾ ಬಂದ್," ಎಂದು ಮೊದಲ ದಿನವೇ ಹೇಳಿದ್ದ. ಹಾಡು-ವಾದ್ಯಕ್ಕೆ ಆ ದೇಶದಲ್ಲಿ ಬಹಳ ಕಟ್ಟುನಿಟ್ಟು. ಸಿಕ್ಕಿಬಿದ್ದವನನ್ನು ಮರುದಿನವೇ ಊರಿಗೆ ಕಳಿಸುವುದಾಗಿ ಹೆದರಿಸಿದ್ದ.

ಅಂಥ ಕಡೆ ಸೈನಿಕರಿಗಾಗಿ ಒಂದು ಬ್ಯಾಂಡು ಬಂತು. ಏಳು ಮಂದಿಯೋ ಎಂಟೋ, ಖಚಿತವಿಲ್ಲ. ಶಿಬಿರದಿಂದ ಶಿಬಿರಕ್ಕೆ ತಿರುಗುವವರು. ಆಟಕ್ಕೆ ಷರತ್ತುಗಳಿದ್ದವು: ಶೆಡ್ಡು ಮುಚ್ಚಿರಬೇಕು, ಮಸೀದಿಯ ಬಾಂಗಿನ ಹೊತ್ತಿನಲ್ಲಿ ಸದ್ದು ಕೇಳಿಸಿದರೆ ಅಲ್ಲಿಗೇ ಆಟ ಮುಗಿಯಿತು. ನೋಡಿಕೊಳ್ಳಲು ಆ ದೇಶದ ಒಬ್ಬ ಅಧಿಕಾರಿ ಹಿಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ.

ನಡುವೆ ಬಿಡುವಾದಾಗ ಅವರ ಟ್ರಂಪೆಟ್ಟಿನವನು ಬಿಸಿನೀರು ಕೇಳುತ್ತ ಅಡುಗೆಮನೆಗೆ ಬಂದ. ಕಾಕಾ ಗುಂಯ್ ಎನ್ನುತ್ತಿದ್ದರು. ಅವನು ನಿಂತ, ಕೇಳಿದ, ನಕ್ಕ, ತನ್ನ ವಾದ್ಯವನ್ನು ಚಾಚಿದ. ಕಾಕಾ ಅದರ ಮೂತಿ ಕಿತ್ತು ತಮ್ಮದನ್ನು ಸಿಕ್ಕಿಸಿದರು. ಸರಿಯಾಗಿ ಕೂತಿತು! ಅವನು ಕಾಕಾ ಅವರ ರಟ್ಟೆ ಹಿಡಿದು ಶೆಡ್ಡಿನ ಕಡೆ ಎಳೆದ.

ನಾನು ಅಡ್ಡ ನಿಂತೆ. "ಕಾಕಾ, ಬ್ಯಾಡ್ರಿ. ಪಾಸ್‌ಪೋರ್ಟ ಆ ಹೈದರಾಬಾದಿನವನ ಕೈಯಾಗ ಐತಿ."

"ಪಾಸ್‌ಪೋರ್ಟ ಅವನ ಕೈಯಾಗ ಐತಿ ಖರೆ, ಹಲ್ಲ ಇನ್ನಾ ನನ್ನ ಬಾಯಾಗ ಅದಾವಲ್ಲೋ ತಮ್ಮಾ. ನಾಳೆ ಇರ್ತಾವೋ ಇಲ್ಲೋ..."

ನಾನು ದಾರಿ ಬಿಟ್ಟೆ. ಕೆಟಲಿ ಎತ್ತಿಕೊಂಡು ಹಿಂದೆಯೇ ಹೋಗಿ ಎರಡನೆಯ ಕಂಬದ ಬಳಿ ನಿಂತೆ.

ಕಾಕಾ ಅವರದು ಎಣ್ಣೆ ಹತ್ತಿದ ಅಂಗಿ, ರಬ್ಬರ್ ಚಪ್ಪಲಿ. ಸೈನಿಕರು ನಕ್ಕರು. ಕಾಕಾ ಕಣ್ಣು ಮುಚ್ಚಿ ನಮ್ಮೂರ ವರಾತದ ಧಾಟಿ ಹಿಡಿದರು. ನಗು ನಿಂತಿತು. ಡ್ರಮ್ಮಿನವನು ನಾಲ್ಕೇ ಏಟಿನಲ್ಲಿ ತಾಳ ಹಿಡಿದ, ಗಿಟಾರಿನವನು ಸೇರಿಕೊಂಡ. ಆಮೇಲೆ ಸೈನಿಕರು ಬೂಟಿನಿಂದ ನೆಲ ಬಡಿಯತೊಡಗಿದರು. ತಗಡು ಅದುರಿತು, ನನ್ನ ಕೈಯ ಕೆಟಲಿ ಅದುರಿತು, ಭರಮು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಕುಣಿದ. ಸದಲಗಾದ ಬೀದಿ ಅಷ್ಟು ದೂರದ ಮರಳಿಗೆ ಬಂದು ನಿಂತಿತ್ತು.

ಆಗ ಮೇಲ್ವಿಚಾರಕ ಒಳಗೆ ಬಂದ. ಕಾಕಾ ಅವರನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಅದೇ ಹೊತ್ತಿಗೆ ಅಧಿಕಾರಿ ಕುರ್ಚಿಯಿಂದ ಎದ್ದ. ಇಬ್ಬರೂ ಒಟ್ಟಿಗೇ ಮುಂದಕ್ಕೆ ಹೆಜ್ಜೆಯಿಟ್ಟರು.

ಕಾಕಾ ಅವರ ಎಡಗೈ ಮೇಲೆದ್ದಿತು.

ಹಲ್ಲು ಬಿತ್ತು ಎಂದುಕೊಂಡೆ. ಡ್ರಮ್ಮಿನವನ ಕೋಲುಗಳು ಗಾಳಿಯಲ್ಲೇ ನಿಂತವು. ಸೈನಿಕರೂ ತಟ್ಟನೆ ನಿಂತರು; ಮುಂದಿನವನು ಕೈಯೆತ್ತಿದರೆ ನಿಲ್ಲಬೇಕೆಂಬುದು ಅವರ ಕಸುಬಿನಲ್ಲೂ ಇದೆ. ಶೆಡ್ಡು ತುಂಬ ಜನ, ಒಂದು ಕೆಮ್ಮಿಲ್ಲ. ಆ ನಿಶ್ಶಬ್ದದಲ್ಲಿ ನನಗೆ ಆಗ ಕೇಳಿಸಿತು: ದೂರದ ಊರಿನಿಂದ ಅಸರದ, ಅಂದರೆ ಇಳಿಹಗಲ ನಮಾಜಿನ, ಬಾಂಗು. ಅಷ್ಟು ಗದ್ದಲದ ನಡುವೆ ಕಾಕಾಗೆ ಅದು ಹೇಗೆ ಕೇಳಿಸಿತೋ, ನಾನು ಹೇಳಲಾರೆ.

ಅಧಿಕಾರಿ ಇದ್ದಲ್ಲೇ ನಿಂತ. ಮೇಲ್ವಿಚಾರಕನೂ ನಿಂತ. ಬಾಂಗು ಕೇಳುತ್ತಲೇ ಇತ್ತು. ಎತ್ತಿದ ಕೈ ಅಲುಗಲಿಲ್ಲ. ಕೆಳಗೆ ರಬ್ಬರ್ ಚಪ್ಪಲಿ ಮಾತ್ರ, ಸದ್ದಿಲ್ಲದೆ, ಏಳುತ್ತಿತ್ತು, ಇಳಿಯುತ್ತಿತ್ತು...

ಬಾಂಗು ಮುಗಿಯಿತು. ಕೈ ಇಳಿಯಿತು. ಟ್ರಂಪೆಟ್ಟೂ ಡ್ರಮ್ಮೂ ಒಂದೇ ಏಟಿಗೆ ಎದ್ದವು, ಬಿಟ್ಟ ಜಾಗದಿಂದಲೇ! ಸೈನಿಕರ ಕೂಗಿಗೆ ನಾನು ಅರ್ಧ ಚಹಾ ಚೆಲ್ಲಿದೆ. ಅಧಿಕಾರಿ ಕಾಕಾ ಅವರತ್ತ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಹೊರಗೆ ಹೋದ. ನಮಾಜಿಗೆ ಇರಬೇಕು. ಮೇಲ್ವಿಚಾರಕ ಅವನು ಹೋದತ್ತ ನೋಡಿದ, ಕಾಕಾ ಅವರತ್ತ ನೋಡಿದ, ಬಂದ ದಾರಿಯಲ್ಲೇ ಹೊರಟ. ಅಂದಿನಿಂದ ಅವರನ್ನು 'ಮಾಸ್ಟರ್' ಎಂದೇ ಕರೆದ.

ಹಾಡು ಮುಗಿಸಿ, ವಾದ್ಯ ಒಪ್ಪಿಸಿ, ಕಾಕಾ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸಿದರು. ನೀರು ಕೆಂಪಾಗಿತ್ತು. "ಆತು ಬಿಡೋ. ವರಾತ ದಾಟಿತು," ಎಂದರು. ಮುಂದಿನ ತಿಂಗಳು ರೊಟ್ಟಿ ಕಚ್ಚುವಾಗ ಎರಡು ಹಲ್ಲು ಉದುರಿದವು. ಮತ್ತೆ ಅವರು ಊದಲಿಲ್ಲ.

ಊರಿಗೆ ಮರಳಿದ ಕೆಲವು ವರ್ಷಗಳಿಗೆ ತೀರಿಹೋದರು. ನಾನು ಆಗ ಊರಲ್ಲಿರಲಿಲ್ಲ. ಆ ಮೂತಿ ಎಲ್ಲಿ ಹೋಯಿತೆಂದು ಅವರ ಮನೆಯವರಿಗೂ ಗೊತ್ತಿಲ್ಲ. ನಿಪ್ಪಾಣಿಯ ಆ ಅಂಗಡಿಯೊಳಗೆ ಹೋಗಿ ಹುಡುಕಿದೆ. ತಂಬಿಗೆ, ಗಂಟೆ, ದೀಪ... ಅದು ಇರಲಿಲ್ಲ.

ಅಂದು ಕಂಡ ನಮ್ಮ ಕಡೆಯವರಲ್ಲಿ, ನಾನು ಬಲ್ಲಂತೆ, ಈಗ ಉಳಿದವರು ನಾನು ಮತ್ತು ಉಗಾರ ಬುದ್ರುಕದ ಭರಮು. ಭೇಟಿಯಾದಾಗಲೆಲ್ಲ ಆ ಕೈ ಎಷ್ಟು ಹೊತ್ತು ಮೇಲಿತ್ತೆಂದು ಜಗಳವಾಡುತ್ತೇವೆ. ನಾನು ಮೂರು ನಿಮಿಷ ಎನ್ನುತ್ತೇನೆ, ಅವನು ಐದಕ್ಕೆ ಕಡಿಮೆಯಿಲ್ಲ ಎನ್ನುತ್ತಾನೆ. ಎಣಿಸಿದವರು ಕಾಕಾ ಒಬ್ಬರೇ.