ಘಟ್ಟದ ಕೆಳಗೆ ತುಂಬಿಸಿದ ತಂಪು

ಕಳೆದ ವಾರ ಹಾಸ್ಟೆಲಿನ ಹಿತ್ತಲಿನಲ್ಲಿ ಯಾರೋ ಬಕೆಟ್ಟಿನಲ್ಲಿ ಅಂಟುವಾಳದ ಕಾಯಿ ಕಿವುಚಿಟ್ಟಿದ್ದರು. ಆ ಒಗರು ವಾಸನೆ ಕಿಟಕಿಯೊಳಗೆ ಬಂದಾಗ ನನಗೆ ನೆನಪಾದವರು ಮೂಡಿಗೆರೆಯಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದ ಸಾಹೇಬರು... ಕೋಳಿಪುಕ್ಕದ ತುದಿಯಲ್ಲಿ ನೊರೆ ಹಿಡಿದು ನಮ್ಮ ಕಾರಿನ ಮೇಲೆ ಬಾಗಿದ್ದ ಅವರ ಬೆನ್ನು.

ಅದು ಎಸ್ಟೇಟ್ ಮಾರಿ ಹೋದವರೊಬ್ಬರಿಂದ ಅಪ್ಪ ಕೊಂಡಿದ್ದ ಹಳೆಯ ವಿದೇಶಿ ಕಾರು. ಅದರ ಎಸಿ ಎಂದೋ ಕೆಟ್ಟಿತ್ತು. ಸದಾ ತಂಪಾಗಿರುವ ನಮ್ಮ ಊರಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅಮ್ಮನಿಗೆ ಹೃದಯದ ಕಾಯಿಲೆ ಬಂತು. ತಿಂಗಳಿಗೊಮ್ಮೆ ಮಂಗಳೂರಿನ ಡಾಕ್ಟರ ಬಳಿ ಹೋಗಬೇಕಿತ್ತು. ಮಾರ್ಚಿನಲ್ಲಿ ಚಾರ್ಮಾಡಿ ಘಾಟಿ ಇಳಿದ ಮೇಲೆ ಸೆಕೆಗೆ ಅವಳು ಉಸಿರು ಸಿಗದೆ ಒದ್ದಾಡಿದ್ದಳು. ಇನ್ನು ಆ ದಾರಿಗೆ ಬರುವುದೇ ಇಲ್ಲ ಎಂದುಬಿಟ್ಟಳು.

ಆ ಕಾಲದಲ್ಲಿ ಫ್ರಿಜ್ಜಿಗೂ ಕಾರಿನ ಎಸಿಗೂ ಒಂದೇ ಗ್ಯಾಸ್. ಅಪ್ಪ ಕಾರನ್ನು ಸಾಹೇಬರ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಅವರು ಸ್ವಲ್ಪವೇ ಗ್ಯಾಸ್ ಬಿಟ್ಟು, ಪೈಪಿನ ಜೋಡಣೆಗಳಿಗೆಲ್ಲ ನೊರೆ ಸವರಿದರು. ಸೋಪಿನ ನೊರೆ ಬೇಗ ಒಡೆಯುತ್ತದೆ, ಅಂಟುವಾಳದ್ದು ಒಡೆಯದೆ ಕಾಯುತ್ತದೆ ಎನ್ನುತ್ತಿದ್ದರು. ಒಂದು ಕಡೆ ಗುಳ್ಳೆಯೊಂದು ಮೆಲ್ಲಗೆ ಉಬ್ಬಿ, ಆಕಾಶವನ್ನೆಲ್ಲ ತನ್ನ ಮೇಲೆ ತುಂಬಿಕೊಂಡಿತು. ಸೋರುತ್ತಿದ್ದದ್ದು ಅಲ್ಲಿಯೇ.

"ಈ ಊರಲ್ಲಿ ಕಾರಿಗೆ ಎಸಿ ಎಂತಕ್ಕೆ ಮಾರಾಯ್ರೆ? ಗಾಜು ಇಳಿಸಿದ್ರೆ ಸಾಕಲ್ಲ" ಎಂದರು ಪಕ್ಕದ ಚಹಾ ಅಂಗಡಿಯವರು.

"ಗಾಜು ಇಳಿಸಿದ್ರೆ ಮೂಡಿಗೆರೆಯ ತಂಪು ಮಂಗಳೂರಿಗೆ ಬರ್ತದಾ?" ಎಂದರು ಸಾಹೇಬರು, ತಲೆ ಎತ್ತದೆ.

ಸೋರಿಕೆ ಸರಿಮಾಡಿ ಗ್ಯಾಸ್ ತುಂಬಿಸುವಾಗ ಅಪ್ಪನಿಗೆ ಅವಸರ. "ಮೀಟರಿನ ಮುಳ್ಳು ಕೆಳಗೇ ಇದೆಯಲ್ಲ ಸಾಹೇಬ್ರೆ. ಇನ್ನೂ ತುಂಬಿಸಿ."

"ಬೇಡ ಸಾರ್. ಇಲ್ಲಿನ ಚಳಿಗೆ ಅದು ಏಳೋದಿಲ್ಲ. ಏಳೋವರೆಗೆ ತುಂಬಿಸಿದ್ರೆ ಘಟ್ಟದ ಕೆಳಗಿನ ಸೆಕೆಗೆ ಪೈಪ್ ಒಡೀತದೆ." ಸಿಲಿಂಡರಿನ ತಿರುಪು ಮುಚ್ಚಿ, "ಉಳಿದದ್ದು ಅಲ್ಲೇ ತುಂಬಿಸುವ. ನಾನೂ ಬರ್ತೇನೆ" ಎಂದರು.

ಮರುದಿನ ಗೋಣಿಚೀಲ ಸುತ್ತಿದ ಸಿಲಿಂಡರನ್ನು ಕಾಲ ನಡುವೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕೊಟ್ಟಿಗೆಹಾರದಲ್ಲಿ ಮಂಜು. ಅಮ್ಮ ಶಾಲು ಹೊದ್ದು ನನ್ನ ಕೈ ಹಿಡಿದಿದ್ದಳು. ತಿರುವಿನ ಮೇಲೆ ತಿರುವು ಇಳಿದಂತೆ ಮಂಜು ಕರಗಿ, ಗಾಜು ಬೆಚ್ಚಗಾಗಿ, ಅವಳ ಅಂಗೈ ಬೆವರತೊಡಗಿತು...

ಘಟ್ಟದ ಬುಡದಲ್ಲಿ ಅಪ್ಪ ಮರದಡಿ ನಿಲ್ಲಿಸಹೋದರೆ ಸಾಹೇಬರು ಒಪ್ಪಲಿಲ್ಲ. "ಬಿಸಿಲಿಗೇ ನಿಲ್ಲಿಸಿ. ನೆರಳು ಸುಳ್ಳು ಹೇಳ್ತದೆ." ಪೈಪಿನ ದಾರಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಒಂದು ಗಾಜಿನ ಕಣ್ಣು. ಗ್ಯಾಸ್ ಸಾಲದೆ ಅದರೊಳಗೆ ಗುಳ್ಳೆಗಳು ಓಡುತ್ತಿದ್ದವು. ಸಾಹೇಬರು ಅದನ್ನೇ ನೋಡುತ್ತಾ ಗ್ಯಾಸ್ ಬಿಟ್ಟರು. ಗುಳ್ಳೆಗಳು ವಿರಳವಾದವು, ಆಮೇಲೆ ಒಂದೂ ಉಳಿಯಲಿಲ್ಲ. ಕಿಟಕಿಯಿಂದ ಕೈ ಒಳಗೆ ಚಾಚಿ ತಂಪು ನೋಡಿ, ಗಾಜು ಏರಿಸಲು ಸನ್ನೆ ಮಾಡಿದರು. ಸಿಲಿಂಡರ್ ಹೊತ್ತು ಮೇಲೆ ಹೋಗುವ ಬಸ್ಸಿಗೆ ಕಾಯುತ್ತಾ ಬಿಸಿಲಲ್ಲೇ ನಿಂತರು. ಹಿಂದಿನ ಗಾಜಿನಲ್ಲಿ ಅವರ ಬಿಳಿ ಅಂಗಿ ಬಹಳ ಹೊತ್ತು ಕಾಣುತ್ತಿತ್ತು.

ಬೆಳ್ತಂಗಡಿಗೆ ಮೊದಲೇ ಅಮ್ಮ ನಿದ್ದೆಹೋದಳು. ಶಾಲು ಸಮನಾಗಿ ಏರಿ ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಮಂಗಳೂರಿನಲ್ಲಿ ಎಚ್ಚರವಾದಾಗ ಅವಳೆಂದಳು: "ಎಷ್ಟು ದಿನಕ್ಕೆ ನಿದ್ದೆ ಬಂತು ಕಣೇ. ಸಾಹೇಬ್ರಿಗೆ ಹೇಳು."

ಮರುವರ್ಷ ಅಮ್ಮ ಹೋದಳು. ಸಾಹೇಬರು ಮನೆಗೆ ಬಂದು ಅಂಗಳದಲ್ಲೇ ನಿಂತು ನನ್ನನ್ನು ಕೇಳಿದರು, "ಅಮ್ಮಾವ್ರಿಗೆ ಆವತ್ತು ತಂಪು ಸಾಕಾಗಿತ್ತಾ?"

"ಸಾಕಾಗಿತ್ತು" ಎಂದೆ. ಅಮ್ಮನ ನಿದ್ದೆಯ ಮಾತು ಹೇಳಲಿಲ್ಲ. ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡೆ... ಆಮೇಲೆ ಊರು ಬಿಟ್ಟು ಈ ಹಾಸ್ಟೆಲಿಗೆ ಬಂದೆ.

ಸಾಹೇಬರು ತೀರಿಕೊಂಡದ್ದು ಕಳೆದ ವಾರ, ಅಂಟುವಾಳದ ವಾಸನೆ ಬಂದ ದಿನವೇ, ಅಪ್ಪನ ಕಾಗದದಿಂದ ತಿಳಿಯಿತು. ಸಂಜೆ ಹಿತ್ತಲಿಗೆ ಹೋಗಿ ನೋಡಿದೆ. ಬಕೆಟ್ಟಿನ ನೊರೆ ಇನ್ನೂ ಒಡೆದಿರಲಿಲ್ಲ. ಅಮ್ಮ ಹೇಳಿಕಳಿಸಿದ ಮಾತು ನನ್ನ ಹತ್ತಿರವೇ ಉಳಿದಿದೆ.